ಹೊಸ ಗಾಡಿಯೋ, ಪಳಗಿದ ಗಾಡಿಯೋ?

ಏಳೆಂಟು ಜನ ಕೂಡುವ ದೊಡ್ಡ ಗಾಡಿಯೊಂದನ್ನು ಮನೆಗೆ ತರಬೇಕೆಂಬ ಮಾತು ಹುಟ್ಟಿದ ಕೂಡಲೇ ನಮ್ಮ ಸಂಸಾರಗಳು ಎರಡು ಪಕ್ಷಗಳಾಗಿ ಒಡೆಯುತ್ತವೆ. ಹೊಸದನ್ನೇ ಕೊಳ್ಳಬೇಕೆಂಬುದು ಒಂದು ಪಕ್ಷ. ಎರಡು ಮೂರು ವರ್ಷ ಓಡಿ ಒಳ್ಳೆಯ ಸ್ಥಿತಿಯಲ್ಲಿರುವ ಗಾಡಿ ಸಾಕೆಂಬುದು ಇನ್ನೊಂದು. ಮೊದಲನೆಯ ಪಕ್ಷದಲ್ಲಿ ಸಾಮಾನ್ಯವಾಗಿ ಗಾಡಿಯನ್ನು ಓಡಿಸುವವರಿರುತ್ತಾರೆ. ಎರಡನೆಯದರಲ್ಲಿ ಹಣ ಕೊಡಬೇಕಾದವರು. ವಾದ ಎಷ್ಟೋ ವೇಳೆ ವಾರಗಟ್ಟಲೆ ನಡೆದು, ಕೊನೆಗೆ ಲೆಕ್ಕದಿಂದಲ್ಲದೆ ದನಿಯ ಬಲದಿಂದ ತೀರ್ಮಾನವಾಗುವುದುಂಟು. ಈ ವಾದವನ್ನು ಲೆಕ್ಕದಿಂದಲೇ ತೀರ್ಮಾನಿಸುವ ಬಗೆ ಹೇಗೆಂಬುದೇ ಇಂದಿನ ನನ್ನ ಮಾತಿನ ವಿಷಯ.

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಯಂತ್ರಶಾಸ್ತ್ರ ನನ್ನ ವಿದ್ಯೆಯಲ್ಲ. ಆದರೆ ಚಿತ್ರದುರ್ಗದಲ್ಲಿ ನಾನು, ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ನಮ್ಮಣ್ಣ, ಹೊಸದುರ್ಗಕ್ಕೆ ಕೊಟ್ಟ ತಂಗಿ, ಹಿರಿಯೂರಿನಲ್ಲಿರುವ ಸೊಸೆಯ ತವರುಮನೆ – ಹೀಗೆ ನಾಲ್ಕು ಊರುಗಳಿಗೆ ಹಂಚಿಹೋದ ಕುಟುಂಬ ನಮ್ಮದು. ಚಿತ್ರದುರ್ಗದಿಂದ ಹಿರಿಯೂರು ಸುಮಾರು 40 ಕಿಲೋಮೀಟರು. ಹೊಳಲ್ಕೆರೆ 30ಕ್ಕೆ ಮೇಲೆ. ಅಲ್ಲಿಂದ ಹೊಸದುರ್ಗ ಮತ್ತೆ ಅಷ್ಟೇ ದೂರ. ಹಿರಿಯೂರಿನ ದಾರಿ ಹೆದ್ದಾರಿ. ಅಲ್ಲಿ ಬಸ್ಸಿಗೆ ಬರವಿಲ್ಲ. ಹೊಸದುರ್ಗಕ್ಕೆ ರೈಲಿನಲ್ಲಿ ಹೋಗೋಣವೆಂದರೆ ಹೊಸದುರ್ಗ ರೋಡ್ ಎಂಬ ನಿಲ್ದಾಣ ಹೆಸರಿನಲ್ಲಿ ಮಾತ್ರ ಹೊಸದುರ್ಗ. ಊರು ಅಲ್ಲಿಂದ ದೂರ. ಒಳಹಳ್ಳಿಗಳ ಮಾತಂತೂ ಹೇಳುವುದೇ ಬೇಡ. ಇಂಥ ಕಡೆ ದೊಡ್ಡ ಗಾಡಿ ಬೇಕೆನಿಸುವುದು ಬರಿಯ ಷೋಕಿಯಲ್ಲ.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1970ರ ದಶಕದಲ್ಲಿ ಕಾರೆಂದರೆ ಅಂಬಾಸಿಡರ್, ಇಲ್ಲವೆ ಪ್ರೀಮಿಯರ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ದಿನಗಳಲ್ಲಿ, ಸರದಿ ಬಂದು ಕೈಸೇರಿದ ಕಾರನ್ನು ಮರುದಿನವೇ ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಬಹುದಾಗಿತ್ತು! ಬಳಸಿದ ವಸ್ತುವಿಗೆ ಹೊಸದಕ್ಕಿಂತ ಹೆಚ್ಚು ಬೆಲೆಯಿದ್ದ ವಿಚಿತ್ರ ಕಾಲ ಅದು. ದೊಡ್ಡ ಸಂಸಾರಗಳು ಮದುವೆಗೆ ಮೆಟಡಾರ್ ವ್ಯಾನನ್ನು ಬಾಡಿಗೆಗೆ ಹಿಡಿಯುತ್ತಿದ್ದವು. 1994ರಲ್ಲಿ ಟಾಟಾ ಸುಮೋ ಬಂತು; ಟಾಟಾ ಸಂಸ್ಥೆಯ ಸುಮಂತ್ ಮೂಳಗಾಂವಕರ್ ಅವರ ಹೆಸರಿನ ಮೊದಲಕ್ಷರಗಳಿಂದ ಆದ ಹೆಸರು ಅದು, ಜಪಾನಿನ ಮಲ್ಲಯುದ್ಧದಿಂದ ಬಂದದ್ದಲ್ಲ. 2000ದಲ್ಲಿ ಬೊಲೆರೋ ಮತ್ತು ಕ್ವಾಲಿಸ್, 2005ರಲ್ಲಿ ಇನ್ನೋವಾ, 2012ರಲ್ಲಿ ಎರ್ಟಿಗಾ, 2022ರಲ್ಲಿ ಕಾರೆನ್ಸ್ – ಹೀಗೆ ಒಂದರ ಹಿಂದೆ ಒಂದು ಬಂದವು. ಹೊಸದು ಕೇಳಿದ ಕೂಡಲೇ ಸಿಗುವಂತಾಗಿ, ಹಳೆಯದಕ್ಕೆ ಒಂದು ಸಂತೆಯೇ ಹುಟ್ಟಿತು. ಆಯ್ಕೆ ಹೆಚ್ಚಿತು; ಅದರೊಡನೆ ಗೊಂದಲವೂ ಹೆಚ್ಚಿತು.

ಹೊಸದೋ ಹಳೆಯದೋ ಎಂದು ಕೇಳುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ವರ್ಷದಲ್ಲಿ ಎಷ್ಟು ದಿನ ಆ ಸೀಟುಗಳು ತುಂಬುತ್ತವೆ? ನಮ್ಮ ಮನೆಯಲ್ಲಿ ನಾನು ದಿನಚರಿ ತೆರೆದು ಎಣಿಸಿದೆ. ಯುಗಾದಿ, ಗೌರಿಹಬ್ಬ, ದೀಪಾವಳಿ, ನಾಯಕನಹಟ್ಟಿಯ ತೇರು, ನಾಲ್ಕಾರು ಮದುವೆ, ಗೃಹಪ್ರವೇಶ, ಧರ್ಮಸ್ಥಳಕ್ಕೊಂದು ಪ್ರಯಾಣ – ಎಲ್ಲ ಕೂಡಿ ಒಂದು ವರ್ಷಕ್ಕೆ 23 ದಿನಗಳಾದವು. ಈ 23 ದಿನಕ್ಕೆ ಬಾಡಿಗೆ ಗಾಡಿ ಹಿಡಿದು, ದಿನಕ್ಕೆ 6,000 ರೂಪಾಯಿ ಕೊಟ್ಟರೂ ಆಗುವುದು 1,38,000 ರೂಪಾಯಿ. ಡ್ರೈವರನೂ ಡೀಸೆಲೂ ಅದರಲ್ಲೇ ಸೇರಿರುತ್ತವೆ. ಸ್ವಂತದ ಗಾಡಿಯ ವಿಮೆ, ರಿಪೇರಿ, ಬೆಲೆಯ ಇಳಿತ ಇವುಗಳನ್ನು ಕೂಡಿಸಿದರೆ ವರ್ಷದ ಖರ್ಚು ಇದನ್ನು ಸುಲಭವಾಗಿ ಮೀರುತ್ತದೆ. ಮೇಲಾಗಿ 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣ ಉಚಿತವಾದ ಮೇಲೆ ನಮ್ಮ ಮನೆಯ ಹೆಂಗಸರು ಒಬ್ಬೊಬ್ಬರೇ ಹೋಗಿಬರುವುದಕ್ಕೆ ಗಾಡಿಯ ದಾರಿ ಕಾಯುವುದನ್ನೇ ಬಿಟ್ಟಿದ್ದಾರೆ. ಆದ್ದರಿಂದ ಹಬ್ಬ ಮದುವೆಗಳಿಗಷ್ಟೇ ದೊಡ್ಡ ಗಾಡಿ ಬೇಕೆನ್ನುವವರು ಹೊಸದನ್ನೂ ಕೊಳ್ಳಬೇಕಾಗಿಲ್ಲ, ಹಳೆಯದನ್ನೂ ಕೊಳ್ಳಬೇಕಾಗಿಲ್ಲ. ಈ ಮೂರನೆಯ ದಾರಿಯನ್ನು ಮಾರುವವರು ಯಾರೂ ಹೇಳಿಕೊಡುವುದಿಲ್ಲ.

ಆದರೆ ನಮ್ಮ ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ನಮ್ಮಣ್ಣನಿಗೆ ಮೂತ್ರಪಿಂಡದ ತೊಂದರೆ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಚಿತ್ರದುರ್ಗಕ್ಕೆ ಬರಬೇಕು. ವರ್ಷಕ್ಕೆ 104 ಸಲ. ಹೋಗಿಬರಲು ಒಂದು ಸಲಕ್ಕೆ 75 ಕಿಲೋಮೀಟರೆಂದರೆ ಅದೇ 7,800 ಕಿಲೋಮೀಟರು. ಹಿಂತಿರುಗುವಾಗ ಆತನಿಗೆ ಕೂರುವ ಶಕ್ತಿ ಇರುವುದಿಲ್ಲ. ಕಾಲು ಚಾಚಿ ಒರಗಲು ನಡುವಣ ಸೀಟು ಪೂರ್ತಿ ಬೇಕು. ಜೊತೆಗೆ ಇಬ್ಬರು ಬೇಕು. ಇದಕ್ಕೂ ಬಾಡಿಗೆ ಗಾಡಿ ಹಿಡಿದರೆ, ಸಲಕ್ಕೆ 2,000 ರೂಪಾಯಿಯಂತೆ ವರ್ಷಕ್ಕೆ 2,08,000 ರೂಪಾಯಿ. ಹಬ್ಬದ ಬಾಡಿಗೆ ಸೇರಿ ಮೂರೂವರೆ ಲಕ್ಷದ ಹತ್ತಿರ. ಇಲ್ಲಿ ತಕ್ಕಡಿ ಮತ್ತೊಂದು ಕಡೆಗೆ ವಾಲಿತು. ವರ್ಷಕ್ಕೆ ಸುಮಾರು 10,000 ಕಿಲೋಮೀಟರು ಓಡುವ, ನಡುರಾತ್ರಿಯಲ್ಲಿ ಕರೆದರೂ ಅಂಗಳದಲ್ಲಿ ಸಿದ್ಧವಾಗಿ ನಿಂತಿರುವ ಸ್ವಂತ ಗಾಡಿ ನಮಗೆ ಬೇಕೆಂಬುದು ಆಗ ನಿಶ್ಚಯವಾಯಿತು. ಹೊಸದೋ ಹಳೆಯದೋ ಎಂಬ ಪ್ರಶ್ನೆ ಹುಟ್ಟಬೇಕಾದ್ದು ಈ ನಿಶ್ಚಯದ ಅನಂತರ.

ಈಗ ಬೆಲೆಯ ಲೆಕ್ಕಕ್ಕೆ ಬರೋಣ. ಷೋರೂಮಿನ ಬೆಲೆ 15 ಲಕ್ಷವಿರುವ ಒಂದು ಗಾಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಬೆಲೆ ಏರಿದಂತೆ ಏರುತ್ತದೆ; ದೇಶದಲ್ಲಿ ಹೆಚ್ಚಿನ ದರವಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ನಾವು ಲೆಕ್ಕ ಹಾಕಿದಾಗ 10ರಿಂದ 20 ಲಕ್ಷದ ನಡುವಿನ ಗಾಡಿಗೆ ನೂರಕ್ಕೆ 17ರಂತೆ ತೆರಿಗೆ, ಆ ತೆರಿಗೆಯ ಮೇಲೆ ನೂರಕ್ಕೆ 11ರಂತೆ ಮೇಲ್ತೆರಿಗೆ ಇತ್ತು. ಅಂದರೆ 2,55,000 ಮತ್ತು 28,050 – ಒಟ್ಟು 2,83,050 ರೂಪಾಯಿ. ವಿಮೆ, ನೋಂದಣಿಗಳಿಗೆ 60,000ದಷ್ಟು ಸೇರಿಸಿದರೆ ಗಾಡಿ ರಸ್ತೆಗಿಳಿಯುವಾಗ ಆದ ಖರ್ಚು 18 ಲಕ್ಷದ 40 ಸಾವಿರ. ಗಾಡಿಯ ಬೆಲೆ ಇಳಿಯುವುದು ಎಲ್ಲರಿಗೂ ಗೊತ್ತು. ತೆರಿಗೆಯ ಹಣ ಮೊದಲ ದಿನವೇ ಕರಗಿಹೋಗುವುದು ಹಲವರಿಗೆ ಹೊಳೆಯುವುದಿಲ್ಲ. ಅದೇ ಗಾಡಿಯನ್ನು ಕರ್ನಾಟಕದೊಳಗೆ ಎರಡನೆಯವನು ಕೊಂಡರೆ ಆತ ಈ ತೆರಿಗೆಯನ್ನು ಮತ್ತೆ ಕಟ್ಟಬೇಕಾಗಿಲ್ಲ. ಮೊದಲನೆಯವನು ಕಟ್ಟಿದ ತೆರಿಗೆಯ ಫಲವನ್ನು ಅನುಭವಿಸುವವನು ಎರಡನೆಯವನು.

ಗಾಡಿಯ ಬೆಲೆ ಇಳಿಯುವ ಕ್ರಮಕ್ಕೆ ವಿಮಾ ಕಂಪನಿಗಳ ಒಂದು ಪಟ್ಟಿಯಿದೆ. ಮೊದಲ ಆರು ತಿಂಗಳಿಗೆ ನೂರಕ್ಕೆ 5, ಒಂದು ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 – ಇದು ಷೋರೂಮಿನ ಬೆಲೆಯ ಮೇಲಿನ ಇಳಿತ. ಸಂತೆಯ ಬೆಲೆ ಇದನ್ನೇ ಅನುಸರಿಸಬೇಕೆಂಬ ಕಟ್ಟಳೆಯೇನೂ ಇಲ್ಲ. ಜನಕ್ಕೆ ಬೇಕಾದ ಗಾಡಿ ಇದಕ್ಕಿಂತ ಮೇಲೆ ನಿಲ್ಲುತ್ತದೆ, ಬೇಡವಾದದ್ದು ಕೆಳಗೆ ಬೀಳುತ್ತದೆ. ಆದರೂ ಚೌಕಾಸಿಗೆ ಕೂತಾಗ ಕೈಯಲ್ಲೊಂದು ಅಳತೆಗೋಲು ಇದ್ದಂತಾಗುತ್ತದೆ.

ನಮ್ಮ ಉದಾಹರಣೆಯ ಗಾಡಿ ಮೂರು ವರ್ಷದ ಕೊನೆಗೆ ಹತ್ತೂವರೆ ಲಕ್ಷಕ್ಕೆ ಮಾರಾಟವಾಯಿತೆನ್ನಿ. ಮೊದಲ ಯಜಮಾನ 30,000 ಕಿಲೋಮೀಟರಿಗೆ ಕಳೆದುಕೊಂಡದ್ದು 7 ಲಕ್ಷದ 90 ಸಾವಿರ. ಅಂದರೆ ಡೀಸೆಲಿನ ಮಾತು ಬಿಟ್ಟು ಕಿಲೋಮೀಟರಿಗೆ 26 ರೂಪಾಯಿ. ಎರಡನೆಯವನು ಹತ್ತೂವರೆ ಲಕ್ಷಕ್ಕೆ ಕೊಂಡು, ಐದು ವರ್ಷ ಇಟ್ಟುಕೊಂಡು, 5 ಲಕ್ಷಕ್ಕೆ ಮಾರಿದನೆನ್ನೋಣ. 50,000 ಕಿಲೋಮೀಟರಿಗೆ ಅವನು ಕಳೆದುಕೊಂಡದ್ದು ಐದೂವರೆ ಲಕ್ಷ. ಹೆಚ್ಚಿನ ರಿಪೇರಿಗೆ ವರ್ಷಕ್ಕೆ 25,000 ಸೇರಿಸಿದರೂ ಕಿಲೋಮೀಟರಿಗೆ ಹದಿಮೂರೂವರೆ ರೂಪಾಯಿ. ಹೊಸದರಲ್ಲಿ ಅರ್ಧ!

ಇಷ್ಟಕ್ಕೇ ಹಳೆಯದರ ಪಕ್ಷ ಗೆದ್ದಿತೆಂದು ತಿಳಿಯಬಾರದು. ಹೊಸ ಗಾಡಿಯನ್ನೇ ಕೊಂಡು ಮೂರು ವರ್ಷಕ್ಕೆ ಮಾರದೆ 15 ವರ್ಷ ಇಟ್ಟುಕೊಂಡವನ ಲೆಕ್ಕವನ್ನು ನೋಡಿ. ಒಂದೂವರೆ ಲಕ್ಷ ಕಿಲೋಮೀಟರು ಓಡಿಸಿ ಕೊನೆಗೆ ಒಂದೂವರೆ ಲಕ್ಷಕ್ಕೆ ಮಾರಿದನೆಂದರೆ ಆತ ಕಳೆದುಕೊಂಡದ್ದು 16 ಲಕ್ಷದ 90 ಸಾವಿರ. ಕಿಲೋಮೀಟರಿಗೆ ಹನ್ನೊಂದೂಕಾಲು ರೂಪಾಯಿ. ಮುಪ್ಪಿನ ಕಾಲದ ರಿಪೇರಿಗಳನ್ನು ಸೇರಿಸಿದರೆ ಹಳೆಯದನ್ನು ಕೊಂಡವನಿಗೆ ಹತ್ತಿರಹತ್ತಿರ ಸಮನಾಗುತ್ತಾನೆ. ಆದ್ದರಿಂದ ದುಬಾರಿಯಾದದ್ದು ಹೊಸ ಗಾಡಿಯಲ್ಲ. ಹೊಸ ಗಾಡಿಯನ್ನು ಮೇಲಿಂದ ಮೇಲೆ ಬದಲಾಯಿಸುವ ಚಪಲ. ಹಾಗೆಯೇ, ಒಂದೇ ವರ್ಷ ಓಡಿದ, ಎಲ್ಲರೂ ಕೇಳುವ ಇನ್ನೋವಾದಂಥ ಗಾಡಿಗೆ ಹೊಸದಕ್ಕಿಂತ ನೂರಕ್ಕೆ ಹತ್ತು ಕಡಿಮೆ ಮಾತ್ರ ಕೇಳುತ್ತಿದ್ದಾರೆಂದರೆ, ಹೊಸದನ್ನೇ ಕೊಳ್ಳುವುದು ಜಾಣತನ. ಆ ಹತ್ತಕ್ಕೆ ಕಂಪನಿಯ ಹೊಣೆಯ ಪೂರ್ಣ ಅವಧಿಯೂ ನಿಮ್ಮ ಮನಸ್ಸಿನ ನೆಮ್ಮದಿಯೂ ಸಿಗುತ್ತವೆ. ಹಳೆಯದರ ಲಾಭ ನಿಜವಾಗಿ ಕಾಣುವುದು ಮೂರು ನಾಲ್ಕು ವರ್ಷದ ಗಾಡಿಯಲ್ಲಿ.

ಹಾಗಿದ್ದರೆ ಎರಡೂ ಸಮವೇ? ಪಟ್ಟಣದಲ್ಲಿ ತಿಂಗಳ ಸಂಬಳ ಬರುವವನಿಗೆ ಬಹುಮಟ್ಟಿಗೆ ಸಮ. ನಮ್ಮ ಸೀಮೆಯ ಬೇಸಾಯಗಾರನಿಗೆ ಸಮವಲ್ಲ. ಈ ಭೇದವೇ ನನ್ನ ಮಾತಿನ ತಿರುಳು.

ಹೊಸ ಗಾಡಿಯನ್ನು ಪೂರ್ತಿ ಹಣ ಕೊಟ್ಟು ತರುವವರು ವಿರಳ. ಹನ್ನೆರಡು ಲಕ್ಷ ಸಾಲ, ನೂರಕ್ಕೆ 9ರ ಬಡ್ಡಿ, ಏಳು ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 19,300 ರೂಪಾಯಿ. ಏಳು ವರ್ಷಕ್ಕೆ ಬಡ್ಡಿಯೇ ನಾಲ್ಕು ಲಕ್ಷದ ಮೇಲೆ. ಈ ಕಂತು ಪ್ರತಿ ತಿಂಗಳೂ ತಪ್ಪದೆ ಬರುತ್ತದೆ. ಮಳೆ ಹಾಗೆ ಬರುವುದಿಲ್ಲ. ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಅಡಿಕೆಯಿರಲಿ, ಹೊಸದುರ್ಗದ ತೆಂಗಿರಲಿ, ಹಿರಿಯೂರಿನ ದಾಳಿಂಬೆ, ಶೇಂಗಾ, ಈರುಳ್ಳಿಗಳಿರಲಿ, ಹಣ ಕೈಗೆ ಬರುವುದು ವರ್ಷಕ್ಕೆ ಒಂದೆರಡು ಸಲ. ಅದೂ ಮಾರುಕಟ್ಟೆಯ ಕೃಪೆಯಿದ್ದರೆ. 2016ರಿಂದಾಚೆಗಿನ ಬರದ ವರ್ಷಗಳಲ್ಲಿ ನಮ್ಮ ಕಡೆಯವರು ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಮರಗಳ ಬುಡಕ್ಕೆ ಹಾಕಿದ್ದನ್ನು ನಾನು ಕಂಡಿದ್ದೇನೆ. 2022ರಲ್ಲಿ ವಾಣಿವಿಲಾಸ ಸಾಗರ 1933ರ ಬಳಿಕ ಮೊದಲ ಬಾರಿಗೆ ಕೋಡಿ ಬಿದ್ದಾಗ ನಾವೆಲ್ಲ ಮಾರಿಕಣಿವೆಗೆ ಹೋಗಿ ಬಾಗಿನದ ಸಂಭ್ರಮ ನೋಡಿ ಬಂದೆವು. ಮರುವರ್ಷ, 2023ರಲ್ಲಿ, ರಾಜ್ಯಕ್ಕೆ ಬರ ಬಂತು. ಎಂಬತ್ತೊಂಬತ್ತು ವರ್ಷ ಕಾಯಿಸಿ ತುಂಬಿದ ಕಣಿವೆಯನ್ನು ಕಂಡವರು ಏಳು ವರ್ಷದ 84 ಕಂತುಗಳಿಗೆ ಸಹಿ ಹಾಕುವ ಮೊದಲು ಒಂದು ಗಳಿಗೆ ಯೋಚಿಸಬೇಕು. ಕಂತು ತಪ್ಪಿದರೆ ಗಾಡಿಯನ್ನು ಒಯ್ಯುತ್ತಾರೆ. ಗಾಡಿ ಉಳಿಸಿಕೊಳ್ಳಲು ಕೈಸಾಲ, ಕೈಸಾಲಕ್ಕೆ ತೋಟದ ಪತ್ರ – ಇದು ನಮ್ಮ ಊರುಗಳಲ್ಲಿ ಕೇಳದ ಕಥೆಯೇನಲ್ಲ.

ಹಳೆಯ ಗಾಡಿಗೆ ಬ್ಯಾಂಕಿನ ಬಡ್ಡಿ ಹೆಚ್ಚು ಎಂಬ ಆಕ್ಷೇಪಣೆ ನಿಜವೇ. ಆದರೆ ಸಾಲದ ಮೊತ್ತ ಚಿಕ್ಕದು. ಹತ್ತೂವರೆ ಲಕ್ಷದ ಗಾಡಿಗೆ ಆರೂವರೆ ಲಕ್ಷ ಕೈಯಿಂದ ಹಾಕಿ, 4 ಲಕ್ಷವನ್ನು ನೂರಕ್ಕೆ 13ರಂತೆ ನಾಲ್ಕು ವರ್ಷಕ್ಕೆ ತಂದರೆ ಕಂತು 10,700ರ ಆಸುಪಾಸು, ಒಟ್ಟು ಬಡ್ಡಿ ಒಂದು ಲಕ್ಷ ಹದಿನೈದು ಸಾವಿರ. ದರ ಹೆಚ್ಚಾದರೂ ಹೊರೆ ಕಡಿಮೆ. ಬೇಸಾಯಗಾರ ನೋಡಬೇಕಾದದ್ದು ದರವನ್ನಲ್ಲ, ಹೊರೆಯನ್ನು.

ಹೊಸದರ ಪಕ್ಷದಲ್ಲಿ ನಮ್ಮ ಮನೆಯಲ್ಲಿ ನಿಂತವನು ಅಣ್ಣನ ಮಗ. ಅವನ ವಾದವನ್ನು ನಾನು ಹಗುರವಾಗಿ ಎಣಿಸಲಾರೆ. ಮೂವತ್ತೆರಡರ ವಯಸ್ಸು, ಓದಿದ್ದಾನೆ, ತೋಟ ನೋಡಿಕೊಂಡಿದ್ದಾನೆ. ಬೇಸಾಯ ಮಾಡುವ ಹುಡುಗನಿಗೆ ಹೆಣ್ಣು ಸಿಗುವುದು ಕಷ್ಟವಾಗಿರುವ ಕಾಲ ಇದು. ಬಾಗಿಲಲ್ಲಿ ಹೊಸ ಗಾಡಿ ನಿಂತಿದ್ದರೆ ಬಂದವರ ಕಣ್ಣಿಗೆ ಮನೆಯೇ ಬೇರೆಯಾಗಿ ಕಾಣುತ್ತದೆ ಎಂಬುದು ಅವನು ಬಾಯಿಬಿಟ್ಟು ಹೇಳದ ಮಾತು. ಒಂದು ಸಂಜೆ ಅದನ್ನು ಅವನ ತಾಯಿಯೇ ಹೇಳಿದರು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಾಡಿ ನೋಡಿ ಹೆಣ್ಣು ಕೊಡೋರು ಕಂತು ಕಟ್ಟೋಕೆ ಬರ್ತಾರೇನಪ್ಪಾ? ತೋಟ ನೋಡಿ ಕೊಡೋರು ಬರ್ಲಿ. ತೋಟ ಉಳಿಸ್ಕೋ” ಎಂದ. ಹುಡುಗ ಮರುಮಾತಾಡಲಿಲ್ಲ. ಗಾಡಿಯ ಬೆಲೆಯಲ್ಲಿ ಮರ್ಯಾದೆಯ ಪಾಲೊಂದು ಇರುತ್ತದೆ. ಅದನ್ನು ಲೆಕ್ಕದಿಂದ ತೆಗೆದುಹಾಕಲು ಬರುವುದಿಲ್ಲ. ಆದರೆ ಆ ಪಾಲು ಎಷ್ಟು ರೂಪಾಯಿ ಎಂದು ತಿಳಿದು ಕೊಡುವುದು ಬೇರೆ, ತಿಳಿಯದೆ ಕೊಡುವುದು ಬೇರೆ.

ಹಳೆಯದೆಂದು ತೀರ್ಮಾನವಾದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ನಮ್ಮ ಹಿರಿಯರಿಗೆ ಇದು ಹೊಸ ವಿದ್ಯೆಯಲ್ಲ. ದನದ ಜಾತ್ರೆಯಲ್ಲಿ ಉಳುಮೆಗೆ ಎತ್ತು ಬೇಕಾದವರು ಎಳೆಗರುವನ್ನು ಹಿಡಿಯುತ್ತಿರಲಿಲ್ಲ, ಬಾಯಿಗೂಡಿ ವಯಸ್ಸಾದದ್ದನ್ನೂ ಹಿಡಿಯುತ್ತಿರಲಿಲ್ಲ. ನಾಲ್ಕು ಹಲ್ಲಿನ, ನೊಗಕ್ಕೆ ಪಳಗಿದ ಎತ್ತನ್ನು ಹುಡುಕುತ್ತಿದ್ದರು. ಮಾರುವವನ ಮಾತನ್ನು ಕೇಳುತ್ತಲೇ ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು. ಗಾಡಿಗೂ ಹಲ್ಲುಗಳಿವೆ, ನೋಡಲು ತಿಳಿದಿರಬೇಕು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ: 2322 ಎಂದಿದ್ದರೆ 2022ನೆಯ ವರ್ಷದ 23ನೆಯ ವಾರದಲ್ಲಿ ಮಾಡಿದ್ದು. ಮೀಟರು 20,000 ತೋರಿಸುತ್ತಿರುವ ಗಾಡಿಗೆ ಆಗಲೇ ಎರಡನೆಯ ಜೊತೆ ಟೈರು ಬಂದಿದ್ದರೆ ಮೀಟರಿನ ಮಾತನ್ನು ನಂಬುವಂತಿಲ್ಲ. ಕಿಟಕಿಯ ಗಾಜುಗಳ ಮೂಲೆಯಲ್ಲಿಯೂ ತಯಾರಿಕೆಯ ಗುರುತಿರುತ್ತದೆ. ಎಲ್ಲ ಗಾಜುಗಳಲ್ಲಿ ಒಂದು ಮಾತ್ರ ಬೇರೆಯಾಗಿದ್ದರೆ ಅದು ಏಕೆ ಬದಲಾಯಿತೆಂದು ಕೇಳಿ. ಸೀಟು ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ. ಒಳಭಾಗದಲ್ಲಿ ಕೆಸರಿನ ಗೆರೆ ಕಂಡರೆ ಗಾಡಿ ನೀರಿನಲ್ಲಿ ಮುಳುಗಿ ಎದ್ದದ್ದು. 2015ರ ಡಿಸೆಂಬರಿನಲ್ಲಿ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಸುತ್ತಮುತ್ತ ನೆರೆಗೆ ಸಿಕ್ಕಿದ ಗಾಡಿಗಳೆಷ್ಟೋ. ಒಣಸೀಮೆಯ ನಮಗೆ ಗಾಡಿ ಮುಳುಗುತ್ತದೆಂಬ ಕಲ್ಪನೆಯೇ ಇರುವುದಿಲ್ಲವಾದ್ದರಿಂದ ಈ ಪರೀಕ್ಷೆ ನಮಗೆ ಇನ್ನೂ ಅಗತ್ಯ. ಬೆಳಗ್ಗೆ ಎಂಜಿನು ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿ. ಆಗಲೇ ಬಿಸಿಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆನ್ನಿ. ಏಳೆಂಟು ಜನ ಕೂತು, ಏ.ಸಿ. ಹಾಕಿಕೊಂಡು, ಒಂದು ಏರಿನಲ್ಲಿ ಓಡಿಸಿ ನೋಡಿ. ಮನೆಯಲ್ಲಿ ಮಂಡಿನೋವಿರುವ ಹಿರಿಯರನ್ನು ಕರೆದೊಯ್ದು ಹತ್ತಿಸಿ ಇಳಿಸಿ. ನೆಲದಿಂದ ಎತ್ತರವಾದ ಗಾಡಿ ಹೊಲದ ದಾರಿಗೆ ಒಳ್ಳೆಯದು, ಮುದುಕರ ಕಾಲಿಗಲ್ಲ. ಕೊನೆಗೆ, ನಿಮ್ಮೂರಿನ ಮೇಸ್ತ್ರಿಯ ಕೈಗೆ ಒಗ್ಗಿದ ಗಾಡಿಯೇ ಎಂದು ವಿಚಾರಿಸಿ. ಷೆವರ್ಲೆ ಕಂಪನಿ 2017ರ ಕೊನೆಯಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಅದರ ಟವೇರಾ ಅಗ್ಗವಾಗಿ ಸಿಗುವುದಕ್ಕೆ ಕಾರಣವಿದೆ.

ವರ್ಷಗಳ ಗಣನೆಯೂ ಮುಖ್ಯ. ಡ್ರೈವರನ ಏರ್‌ಬ್ಯಾಗು 2019ರ ಜುಲೈನಿಂದ, ಪಕ್ಕದವರದು 2021ರ ಕೊನೆಯಿಂದ ಹೊಸ ಕಾರುಗಳಲ್ಲಿ ಕಡ್ಡಾಯವಾಯಿತು. ಅದಕ್ಕೆ ಹಿಂದಿನ ಗಾಡಿಯಲ್ಲಿ ಇರಬಹುದು, ಇಲ್ಲದಿರಬಹುದು. 2020ರ ಏಪ್ರಿಲ್ 1ರಿಂದ ಹೊಗೆಯ ಕಟ್ಟಳೆ ಬಿಗಿಯಾಯಿತು. ಅಂದಿನಿಂದೀಚಿನ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯಿರುತ್ತದೆ. ದಿನವೂ ನಾಲ್ಕೈದು ಕಿಲೋಮೀಟರು ಮಾತ್ರ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ದೂರ ಓಡಿದರೆ ಮಸಿ ತಾನೇ ಸುಟ್ಟುಹೋಗುತ್ತದೆ. ಊರೊಳಗೇ ತಿರುಗುವವರಿಗೆ ಪೆಟ್ರೋಲ್ ಗಾಡಿ ಲೇಸು.

ಬೆಲೆಯ ಚೌಕಾಸಿಗೆ ನೆರವಾಗುವ ಒಂದು ದಿನಾಂಕವನ್ನು ನೆನಪಿಡಿ: 2025ರ ಸೆಪ್ಟೆಂಬರ್ 22. ಅಂದು ಜಿ.ಎಸ್.ಟಿ. ಬದಲಾಯಿತು. ಅದುವರೆಗೆ ದೊಡ್ಡ ಗಾಡಿಗಳ ಮೇಲೆ ಸೆಸ್ ಕೂಡಿ ನೂರಕ್ಕೆ 45ರಿಂದ 50ರವರೆಗೆ ಇದ್ದ ತೆರಿಗೆ 40ಕ್ಕಿಳಿಯಿತು. ನಾಲ್ಕು ಮೀಟರು ಉದ್ದದೊಳಗಿದ್ದು, ಡೀಸೆಲ್ ಎಂಜಿನು 1,500 ಸಿ.ಸಿ.ಯೊಳಗಿದ್ದರೆ ಅದು ಸಣ್ಣ ಕಾರಿನ ಲೆಕ್ಕ. ಅದಕ್ಕೆ ತೆರಿಗೆ 18 ಮಾತ್ರ. ಏಳು ಜನರನ್ನು ಹೊರುವ ಬೊಲೆರೋ ಈ ಅಳತೆಯೊಳಗೆ ಕೂರುತ್ತದೆ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕಾದದ್ದು ನ್ಯಾಯ. ಹಳೆಯ ಬಿಲ್ಲನ್ನು ತೋರಿಸಿ ಬೆಲೆ ಹೇಳುವವರಿಗೆ ಇಂದಿನ ಹೊಸ ಬೆಲೆಯಿಂದ ಲೆಕ್ಕ ಆರಂಭಿಸಲು ಹೇಳಿ.

ಇನ್ನು ಕಾಗದಪತ್ರಗಳು. ನಮ್ಮ ಜಿಲ್ಲೆಯ ಗಾಡಿಗಳಿಗೆ ಕೆ.ಎ. 16ರ ಸಂಖ್ಯೆ. ಕರ್ನಾಟಕದ ಯಾವ ಸಂಖ್ಯೆಯಾದರೂ ತೊಂದರೆಯಿಲ್ಲ. ಹೊರರಾಜ್ಯದ್ದಾದರೆ ಇಲ್ಲಿನ ಜೀವಿತಾವಧಿ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಹೊಸದಾಗಿ ಕಟ್ಟಬೇಕು. ಹಿರಿಯೂರಿನ ಮೂಡಣ ಗಡಿ ದಾಟಿದರೆ ಆಂಧ್ರ. ಅಲ್ಲಿ ಅಗ್ಗವೆಂದು ಕೊಂಡದ್ದು ಇಲ್ಲಿ ತೆರಿಗೆ ಸೇರಿ ಅಗ್ಗವಾಗಿ ಉಳಿಯುವುದಿಲ್ಲ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳನ್ನು ದೆಹಲಿಯಲ್ಲಿ ತಡೆದ ಮೇಲೆ ಅಲ್ಲಿನ ಗಾಡಿಗಳು ಬೇರೆ ಬೇರೆ ರಾಜ್ಯಗಳಿಗೆ ಹರಿದು ಬಂದವು. ಅಂಥವುಗಳಿಗೂ ಇದೇ ಮಾತು. ಹಳದಿ ಬೋರ್ಡಿನಲ್ಲಿ ಬಾಡಿಗೆಗೆ ದುಡಿದು ಬಿಳಿ ಬೋರ್ಡಿಗೆ ಬದಲಾದ ಗಾಡಿಯೇ ಎಂಬುದನ್ನು ಹಿಂದಿನ ದಾಖಲೆಗಳಿಂದ ತಿಳಿದುಕೊಳ್ಳಿ. ಸಾರಿಗೆ ಇಲಾಖೆಯ ಪರಿವಾಹನ್ ತಾಣದಲ್ಲಿ ಸಂಖ್ಯೆ ಹಾಕಿದರೆ ಎಷ್ಟನೆಯ ಯಜಮಾನ, ಸಾಲವಿದೆಯೇ, ವಿಮೆ ಎಂದಿನವರೆಗೆ, ದಂಡ ಬಾಕಿಯಿದೆಯೇ ಎಂಬುದು ತಿಳಿಯುತ್ತದೆ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ 35ನೆಯ ನಮೂನೆಯೂ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬಾರದು.

ಹೆಸರು ವರ್ಗಾವಣೆಯಲ್ಲಿ ನಮ್ಮವರ ಉದಾಸೀನ ಬಹಳ. ಖಾಲಿ ನಮೂನೆಗಳಿಗೆ ಸಹಿ ಹಾಕಿಸಿಕೊಂಡು, “ಮುಂದೆ ನೋಡಿದರಾಯಿತು” ಎಂದು ವರ್ಷಗಟ್ಟಲೆ ಬಿಡುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ 29 ಮತ್ತು 30ನೆಯ ನಮೂನೆಗಳಲ್ಲಿ ತಿಳಿಸಬೇಕು. ವಿಮೆಯ ಹೆಸರನ್ನು ಬದಲಾಯಿಸಲು ಕೊಂಡವನು 14 ದಿನದೊಳಗೆ ಬರೆದುಕೊಳ್ಳಬೇಕು. ಗಾಡಿ ಕೈಯಿಂದ ಕೈಗೆ ನಾಲ್ಕಾರು ಸಲ ದಾಟಿದ್ದರೂ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಮಾರಿದವನಿಗೆ ಇದು ಅಪಾಯ. ಕೊಂಡವನಿಗೂ ಅಪಾಯವೇ, ತನ್ನ ಹೆಸರಿಗೆ ವಿಮೆಯಿಲ್ಲದವನು ಗಾಡಿ ಜಖಂ ಆದಾಗ ಯಾರನ್ನು ಕೇಳುವುದು? ಹಿಂದಿನ ಯಜಮಾನ ವಿಮೆಯಲ್ಲಿ ಗಳಿಸಿಕೊಂಡ ರಿಯಾಯಿತಿ ಗಾಡಿಯೊಡನೆ ಬರುವುದಿಲ್ಲ, ಅವನೊಡನೆ ಹೋಗುತ್ತದೆ ಎಂಬುದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಹಾಗಾದರೆ ಹೊಸದನ್ನು ಯಾರು ಕೊಳ್ಳಬೇಕು? ತಿಂಗಳ ವರಮಾನ ನಿಶ್ಚಿತವಾಗಿರುವವರು. ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರಿಗೆ ಮೇಲೆ ಓಡಿಸುವವರು. ಹತ್ತು ಹದಿನೈದು ವರ್ಷ ಮಾರದೆ ಇಟ್ಟುಕೊಳ್ಳುವ ತಾಳ್ಮೆಯುಳ್ಳವರು. ಗಾಡಿಯ ಗುಣದೋಷ ನೋಡಲು ತಾವೂ ತಿಳಿಯದ, ತಿಳಿದವರ ನೆರವೂ ಇಲ್ಲದವರು. ಇವರಿಗೆ ಹೊಸದೇ ಸರಿ. ಹಬ್ಬಕ್ಕೆ ಮಾತ್ರ ಬೇಕಾದವರಿಗೆ ಬಾಡಿಗೆಯದು ಸರಿ. ವರಮಾನ ಮಳೆಯನ್ನು ಕಾಯುವಂಥದಾಗಿದ್ದು ಗಾಡಿ ಮಾತ್ರ ದಿನವೂ ಬೇಕಾದವರಿಗೆ, ಮೂರು ನಾಲ್ಕು ವರ್ಷದ, ಒಬ್ಬನೇ ಯಜಮಾನನ ಕೈಯಲ್ಲಿದ್ದ, ಗ್ಯಾರೇಜಿನ ದಾಖಲೆಗಳು ಸರಿಯಾಗಿರುವ ಗಾಡಿಯೇ ಸರಿ.

ನಮ್ಮ ಮನೆಯವರು ಈ ಕೊನೆಯ ದಾರಿ ಹಿಡಿದರು. ಎರಡು ತಿಂಗಳು ಹುಡುಕಿ, ಐದು ಗಾಡಿಗಳನ್ನು ಬೇಡವೆಂದು, ಆರನೆಯದನ್ನು ತಂದರು. ಆರಿಸಿದವನು ಅಣ್ಣನ ಮಗನೇ. ಸೀಟು ಬೆಲ್ಟು ಎಳೆದು ನೋಡಿದವನೂ, ನಸುಕಿನಲ್ಲಿ ಹೋಗಿ ಎಂಜಿನು ಚಾಲೂ ಮಾಡಿಸಿದವನೂ ಅವನೇ. ಹೊಸದಕ್ಕೆಂದು ತೆಗೆದಿಟ್ಟಿದ್ದ ಹಣದಲ್ಲಿ ಮಿಕ್ಕದ್ದನ್ನು ಅಣ್ಣನ ಚಿಕಿತ್ಸೆಗೆಂದು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟಿದ್ದಾರೆ. ತೋಟದ ಪತ್ರ ಪೆಟ್ಟಿಗೆಯಲ್ಲೇ ಇದೆ. ವಾರಕ್ಕೆರಡು ದಿನ ಬೆಳಗ್ಗೆ ಆರಕ್ಕೆ ಗಾಡಿ ಹಳ್ಳಿಯಿಂದ ಹೊರಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಣ್ಣ ನಡುವಣ ಸೀಟಿನಲ್ಲಿ ಒರಗಿಕೊಂಡು ಮನೆ ಸೇರುತ್ತಾನೆ.